ನರದ ತುದಿಯಿಂದ ಚರ್ಮಕ್ಕೆ: ನ್ಯೂರೋಪೆಪ್ಟೈಡ್‌ಗಳು ಚರ್ಮದ ಕೋಶಗಳ ಬೆಳವಣಿಗೆಯನ್ನು ಹೇಗೆ ನಡೆಸುತ್ತವೆ

‘ನ್ಯೂರೋಪೆಪ್ಟೈಡ್’ ಎಂಬ ಪದ ಈಚಿನ ವರ್ಷಗಳಲ್ಲಿ ಎರಡು ಬೇರೆ ಬೇರೆ ದಿಕ್ಕುಗಳಿಂದ ಸಾಮಾನ್ಯ ಓದುಗರ ಕಿವಿಗೆ ಬೀಳತೊಡಗಿದೆ. ಮುಖಕ್ಕೆ ಹಚ್ಚುವ ಸೀರಮ್ ಮತ್ತು ಕ್ರೀಮುಗಳ ಡಬ್ಬಿಗಳ ಮೇಲೆ ಅದು ಅಚ್ಚಾಗಿರುತ್ತದೆ. ಮಧುಮೇಹದಿಂದಾಗಿ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರ ಗಾಯ ತಿಂಗಳುಗಟ್ಟಲೆ ಏಕೆ ಮಾಯುವುದಿಲ್ಲ ಎಂದು ವೈದ್ಯರು ವಿವರಿಸುವಾಗಲೂ ಅದೇ ಪದ ಬರುತ್ತದೆ. ಒಂದು ಕಡೆ ಅದು ಎಳೆಯ ಚರ್ಮದ ಭರವಸೆ, ಇನ್ನೊಂದು ಕಡೆ ದೇಹದಲ್ಲಿ ಉಂಟಾದ ಒಂದು ಕೊರತೆಯ ಹೆಸರು. ಎರಡರ ಹಿಂದೆಯೂ ಇರುವ ಸಂಗತಿ ಒಂದೇ: ಚರ್ಮದ ಕೋಶಗಳು ಯಾವಾಗ ವಿಭಜನೆಗೊಳ್ಳಬೇಕು, ಎಷ್ಟು ಬೇಗ ಗಾಯವನ್ನು ಮುಚ್ಚಬೇಕು, ಯಾವಾಗ ನಿಲ್ಲಬೇಕು ಎಂಬ ನಿರ್ಧಾರಗಳಲ್ಲಿ ನರಗಳಿಗೂ ಪಾಲಿದೆ, ಆ ಪಾಲನ್ನು ನರಗಳು ನಿರ್ವಹಿಸುವುದು ನ್ಯೂರೋಪೆಪ್ಟೈಡ್ ಎಂಬ ಸಣ್ಣ ಅಣುಗಳ ಮೂಲಕ. ಈ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳಲು ಜೀವವಿಜ್ಞಾನದ ಹಿನ್ನೆಲೆ ಬೇಕಿಲ್ಲ. ಚರ್ಮದ ರಚನೆಯಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಹತ್ತಿದರೆ ಸಾಕು.

ಚರ್ಮದ ಪದರಗಳು ಮತ್ತು ಅಲ್ಲಿಯ ಕೋಶಗಳು

ನಮ್ಮ ಕಣ್ಣಿಗೆ ಕಾಣುವ ಹೊರಚರ್ಮ ಬಹಳ ತೆಳುವಾದದ್ದು. ದೇಹದ ಹೆಚ್ಚಿನ ಭಾಗಗಳಲ್ಲಿ ಅದರ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಅದನ್ನು ಕಟ್ಟಿರುವ ಕೋಶಗಳಲ್ಲಿ ಬಹುಪಾಲು ಕೆರಟಿನೋಸೈಟ್ ಎಂಬ ಜಾತಿಯವು. ಇವು ಹುಟ್ಟುವುದು ಹೊರಚರ್ಮದ ತಳದ ಸಾಲಿನಲ್ಲಿ. ಅಲ್ಲಿ ಒಂದು ಕೋಶ ಎರಡಾದಾಗ ಒಂದು ತಳದಲ್ಲೇ ಉಳಿದು ಇನ್ನೊಂದು ಮೇಲಕ್ಕೆ ಸರಿಯಬಹುದು. ಮೇಲೇರುತ್ತ ಅದು ಕೆರಟಿನ್ ಎಂಬ ಗಟ್ಟಿ ಪ್ರೋಟೀನನ್ನು ತುಂಬಿಕೊಳ್ಳುತ್ತದೆ, ಚಪ್ಪಟೆಯಾಗುತ್ತದೆ, ಕೊನೆಗೆ ಜೀವ ಕಳೆದುಕೊಂಡು ಹೊರಮೈಯ ರಕ್ಷಣಾಪದರದಲ್ಲಿ ಒಂದು ಹಾಳೆಯಾಗಿ ಸೇರಿ ಉದುರಿಹೋಗುತ್ತದೆ. ತಳದಿಂದ ಉದುರುವವರೆಗಿನ ಈ ಪಯಣಕ್ಕೆ ಆರೋಗ್ಯವಂತ ಚರ್ಮದಲ್ಲಿ ಸುಮಾರು ನಾಲ್ಕು ವಾರ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕಾಗುತ್ತದೆ.

ಹೊರಚರ್ಮದ ಕೆಳಗಿರುವ ಒಳಚರ್ಮ ಇನ್ನೂ ದಪ್ಪವಾದದ್ದು. ಕಾಲಜನ್ ನಾರುಗಳನ್ನು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳು, ರಕ್ತನಾಳಗಳ ಒಳಗೋಡೆಯ ಕೋಶಗಳು, ತುರಿಕೆ ಮತ್ತು ಊತಕ್ಕೆ ಕಾರಣವಾಗುವ ಹಿಸ್ಟಮಿನ್ ಅನ್ನು ಕಾಳುಗಳಂತೆ ತುಂಬಿಟ್ಟುಕೊಂಡ ಮಾಸ್ಟ್ ಕೋಶಗಳು ಅಲ್ಲಿ ನೆಲೆಸಿವೆ. ಇವುಗಳ ನಡುವೆ ನರತಂತುಗಳ ಜಾಲ ಹರಡಿದೆ. ಅದರಲ್ಲಿ ತೀರ ಸಪೂರವಾದ, ನೋವು, ಬಿಸಿ ಮತ್ತು ತುರಿಕೆಯನ್ನು ಗ್ರಹಿಸುವ ತಂತುಗಳು ಒಳಚರ್ಮದಲ್ಲೇ ನಿಲ್ಲದೆ ಹೊರಚರ್ಮದೊಳಕ್ಕೂ ನುಗ್ಗಿ, ಕೆರಟಿನೋಸೈಟುಗಳ ಮಗ್ಗುಲಲ್ಲೇ ಕೊನೆಗೊಳ್ಳುತ್ತವೆ. ಹೊರಚರ್ಮದಲ್ಲಿ ರಕ್ತನಾಳಗಳಿಲ್ಲ, ಆದರೆ ನರಗಳಿವೆ ಎಂಬುದನ್ನು ಗಮನಿಸಬೇಕು. ಮುಂದಿನ ಕಥೆ ನಿಂತಿರುವುದೇ ಈ ನೆರೆಹೊರೆಯ ಮೇಲೆ.

ಇನ್ನೊಂದು ಪದವನ್ನೂ ಇಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಕೋಶಗಳ ‘ಬೆಳವಣಿಗೆ’ ಎಂದಾಗ ನಾವು ಮೂರು ಬೇರೆ ಕೆಲಸಗಳನ್ನು ಒಂದೇ ಹೆಸರಿನಿಂದ ಕರೆಯುತ್ತಿರುತ್ತೇವೆ. ಕೋಶ ಎರಡಾಗಿ ಸಂಖ್ಯೆ ಹೆಚ್ಚುವುದು ಒಂದು, ಕೋಶ ತನ್ನ ಜಾಗ ಬಿಟ್ಟು ಸರಿದು ಗಾಯದ ಖಾಲಿ ಜಾಗವನ್ನು ಆವರಿಸುವುದು ಇನ್ನೊಂದು, ಎಳೆಯ ಕೋಶ ಬಲಿತು ತನ್ನ ನಿಜವಾದ ಕೆಲಸಕ್ಕೆ ಸಿದ್ಧವಾಗುವುದು ಮತ್ತೊಂದು. ಒಂದು ನ್ಯೂರೋಪೆಪ್ಟೈಡ್ ಇವುಗಳಲ್ಲಿ ಒಂದನ್ನು ಹುರಿದುಂಬಿಸಿ ಇನ್ನೊಂದನ್ನು ಮುಟ್ಟದೇ ಇರಬಹುದು.

ಪೆಪ್ಟೈಡ್ ಎಂದರೇನು?

ನಮ್ಮ ದೇಹದ ಪ್ರೋಟೀನುಗಳೆಲ್ಲ ಅಮೈನೋ ಆಮ್ಲ ಎಂಬ ಮಣಿಗಳನ್ನು ಪೋಣಿಸಿ ಮಾಡಿದ ಸರಗಳು. ಸರ ನೂರಾರು ಮಣಿಗಳಷ್ಟು ಉದ್ದವಾಗಿದ್ದರೆ ಅದನ್ನು ಪ್ರೋಟೀನ್ ಎನ್ನುತ್ತೇವೆ. ಕೆಲವೇ ಮಣಿಗಳಿಂದ ಹಿಡಿದು ನಲವತ್ತು ಐವತ್ತು ಮಣಿಗಳವರೆಗಿನ ಗಿಡ್ಡ ಸರವಾದರೆ ಪೆಪ್ಟೈಡ್. ನರಕೋಶಗಳು ತಯಾರಿಸಿ, ಸಣ್ಣ ಚೀಲಗಳಲ್ಲಿ ತುಂಬಿಟ್ಟು, ಸಂದೇಶವಾಗಿ ಹೊರಬಿಡುವ ಪೆಪ್ಟೈಡುಗಳೇ ನ್ಯೂರೋಪೆಪ್ಟೈಡುಗಳು. ಮಣಿಗಳ ಸಂಖ್ಯೆ ಮತ್ತು ಅವುಗಳ ಕ್ರಮ ಬದಲಾದರೆ ಸಂದೇಶವೂ ಬದಲಾಗುತ್ತದೆ.

ಮೊದಲು ಪತ್ತೆಯಾದ ನ್ಯೂರೋಪೆಪ್ಟೈಡ್ ಸಬ್‌ಸ್ಟೆನ್ಸ್ ಪಿ. 1931ರಲ್ಲಿ ಉಲ್ಫ್ ಫಾನ್ ಆಯ್ಲರ್ ಮತ್ತು ಜಾನ್ ಗ್ಯಾಡಮ್ ಕುದುರೆಯ ಮಿದುಳು ಮತ್ತು ಕರುಳಿನಿಂದ ತೆಗೆದ ಸಾರದಲ್ಲಿ, ರಕ್ತದೊತ್ತಡವನ್ನು ಇಳಿಸುವ ಮತ್ತು ಕರುಳನ್ನು ಸಂಕುಚಿಸುವ ಒಂದು ವಸ್ತುವನ್ನು ಕಂಡರು. ಅದು ಹನ್ನೊಂದು ಅಮೈನೋ ಆಮ್ಲಗಳ ಸರ ಎಂದು ತಿಳಿಯಲು ಮತ್ತೆ ನಲವತ್ತು ವರ್ಷ ಬೇಕಾಯಿತು. ಸೂಸನ್ ಲೀಮನ್ ಅವರ ತಂಡ 1971ರಲ್ಲಿ ಅದನ್ನು ಬಿಡಿಸಿತು. ಚರ್ಮದ ವಿಷಯದಲ್ಲಿ ಇನ್ನೆರಡು ಹೆಸರುಗಳು ಮುಖ್ಯ: 37 ಅಮೈನೋ ಆಮ್ಲಗಳ ಸಿಜಿಆರ್‌ಪಿ ಮತ್ತು 28 ಅಮೈನೋ ಆಮ್ಲಗಳ ವಿಐಪಿ. ಈ ಅಕ್ಷರಗಳ ಪೂರ್ಣರೂಪವನ್ನು ನೆನಪಿಡಬೇಕಾದ ಅಗತ್ಯವಿಲ್ಲ. ಮೊದಲನೆಯದು ಸಬ್‌ಸ್ಟೆನ್ಸ್ ಪಿಯ ಜೊತೆಗೇ ಅನೇಕ ನೋವಿನ ನರತಂತುಗಳಲ್ಲಿ ತುಂಬಿರುತ್ತದೆ. ಎರಡನೆಯದು ಬೆವರುಗ್ರಂಥಿಗಳನ್ನೂ ರಕ್ತನಾಳಗಳನ್ನೂ ಸುತ್ತುವರಿದ ತಂತುಗಳಲ್ಲಿ ಹೆಚ್ಚಾಗಿ ಕಾಣುತ್ತದೆ.

ಸುದ್ದಿ ಒಯ್ಯುವ ನರವೇ ಸ್ಥಳದಲ್ಲೂ ಕೂಗು ಹಾಕುತ್ತದೆ

ಸಂವೇದನಾ ನರ ಎಂದರೆ ಚರ್ಮದಲ್ಲಿ ಆದದ್ದನ್ನು ಮಿದುಳಿಗೆ ತಿಳಿಸುವ ತಂತಿ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದ ಅರ್ಧವನ್ನು ಯಾರು ಬೇಕಾದರೂ ತಮ್ಮ ಮುಂಗೈಯ ಮೇಲೆ ನೋಡಬಹುದು. ಉಗುರಿನಿಂದಲೋ ಮೊಂಡಾದ ತುದಿಯಿಂದಲೋ ಚರ್ಮವನ್ನು ಸ್ವಲ್ಪ ಒತ್ತಿ ಗೀರಿದರೆ ಮೊದಲು ಗೀರಿನ ಜಾಡಿನಲ್ಲೇ ಕೆಂಪು ಗೆರೆ ಮೂಡುತ್ತದೆ. ಗೀರು ಜೋರಾಗಿದ್ದರೆ ಸ್ವಲ್ಪ ಹೊತ್ತಿನಲ್ಲಿ, ನಾವು ಮುಟ್ಟದೇ ಇದ್ದ ಅಕ್ಕಪಕ್ಕದ ಜಾಗವೂ ಮಸುಕಾಗಿ ಕೆಂಪೇರುತ್ತದೆ. ಕೆಲವರಲ್ಲಿ ಗೀರಿನ ಮೇಲೆ ಬಾಸುಂಡೆಯೂ ಏಳುತ್ತದೆ. ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1927ರಲ್ಲಿ ಈ ಮೂರು ಹಂತಗಳನ್ನು ವಿವರವಾಗಿ ದಾಖಲಿಸಿದರು. ಅವರನ್ನು ಕಾಡಿದ ಪ್ರಶ್ನೆ ಎರಡನೆಯ ಹಂತದ್ದು: ಮುಟ್ಟದ ಜಾಗ ಕೆಂಪಾಗುವುದೇಕೆ?

ಉತ್ತರ ಸಿಕ್ಕಿದ್ದು ನರ ಕಡಿದುಹೋದ ಚರ್ಮದಲ್ಲಿ. ನರ ಕಡಿದ ಕೂಡಲೇ ಪರೀಕ್ಷಿಸಿದರೆ, ಮಿದುಳಿನೊಂದಿಗೆ ಸಂಪರ್ಕವೇ ಇಲ್ಲದಿದ್ದರೂ ಹರಡುವ ಕೆಂಪು ಇನ್ನೂ ಮೂಡುತ್ತಿತ್ತು. ಆದರೆ ಕೆಲವು ದಿನಗಳಲ್ಲಿ ಕಡಿದ ನರದ ತುದಿಗಳು ಚರ್ಮದೊಳಗೇ ನಶಿಸಿದ ಮೇಲೆ ಅದು ಮೂಡುತ್ತಿರಲಿಲ್ಲ. ಅಂದರೆ ಈ ಕೆಲಸಕ್ಕೆ ಮಿದುಳಾಗಲೀ ಬೆನ್ನುಹುರಿಯಾಗಲೀ ಬೇಡ, ನರದ ತುದಿಗಳು ಜೀವಂತವಾಗಿದ್ದರೆ ಸಾಕು. ಅಷ್ಟು ಸರಳ ಪರೀಕ್ಷೆಯಿಂದ ಅಷ್ಟು ದೊಡ್ಡ ತೀರ್ಮಾನ ಹೊರಟದ್ದು ಇಂದಿಗೂ ಮೆಚ್ಚುಗೆ ಹುಟ್ಟಿಸುತ್ತದೆ.

ಇದು ಸಾಧ್ಯವಾಗುವುದು ನರತಂತು ಚರ್ಮದಲ್ಲಿ ಮರದ ಬೇರಿನಂತೆ ಕವಲೊಡೆದಿರುವುದರಿಂದ. ಒಂದು ಕವಲಿನ ತುದಿಯಲ್ಲಿ ಗೀರು ಬಿದ್ದಾಗ ಹೊರಟ ವಿದ್ಯುತ್ ಸಂಕೇತ ಕವಲು ಕೂಡುವ ಜಾಗಕ್ಕೆ ಬಂದು, ಅಲ್ಲಿಂದ ಬೆನ್ನುಹುರಿಯ ಕಡೆಗೂ ಹೋಗುತ್ತದೆ, ಪಕ್ಕದ ಕವಲಿನಲ್ಲಿ ಇಳಿದು ಚರ್ಮಕ್ಕೂ ಮರಳುತ್ತದೆ. ಬೆಂಕಿ ಕಂಡ ಕಾವಲುಗಾರ ಹಿರಿಯರಿಗೆ ಸುದ್ದಿ ಮುಟ್ಟಿಸಲು ಓಡುತ್ತಲೇ ದಾರಿಯ ಮನೆಗಳ ಬಾಗಿಲು ಬಡಿಯುವ ಹಾಗೆ. ಮರಳಿದ ಸಂಕೇತ ತಲುಪಿದ ತುದಿಗಳಲ್ಲಿ ಪೆಪ್ಟೈಡಿನ ಚೀಲಗಳು ಒಡೆಯುತ್ತವೆ. ಹೊರಬಂದ ಸಿಜಿಆರ್‌ಪಿ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಆದ್ದರಿಂದ ಕೆಂಪು. ಸಬ್‌ಸ್ಟೆನ್ಸ್ ಪಿ ರಕ್ತನಾಳಗಳ ಗೋಡೆಯನ್ನು ಸಡಿಲಿಸಿ ದ್ರವ ಸೋರುವಂತೆ ಮಾಡುತ್ತದೆ ಮತ್ತು ಮಾಸ್ಟ್ ಕೋಶಗಳಿಂದ ಹಿಸ್ಟಮಿನ್ ಅನ್ನು ಬಿಡಿಸುತ್ತದೆ, ಆದ್ದರಿಂದ ಊತ ಮತ್ತು ತುರಿಕೆ.

ಈ ಪೆಪ್ಟೈಡುಗಳು ತಯಾರಾಗುವುದು ನರದ ತುದಿಯಲ್ಲಲ್ಲ. ಬೆನ್ನುಹುರಿಯ ಮಗ್ಗುಲಲ್ಲಿರುವ ನರಗಂಟಿನೊಳಗೆ, ನರಕೋಶದ ಒಡಲಲ್ಲಿ ಅವು ತಯಾರಾಗಿ, ತಂತುವಿನ ಉದ್ದಕ್ಕೂ ಸಾಗಿಸಲ್ಪಟ್ಟು ಚರ್ಮವನ್ನು ಸೇರುತ್ತವೆ. ಕಾಲ್ಬೆರಳಿನವರೆಗಿನ ದಾರಿ ವಯಸ್ಕರಲ್ಲಿ ಸುಮಾರು ಒಂದು ಮೀಟರ್. ಸರಕಿನ ಈ ಪಯಣಕ್ಕೆ ದಿನಗಳೇ ಹಿಡಿಯುತ್ತವೆ. ಮಧುಮೇಹದ ನರಹಾನಿ ಸಾಮಾನ್ಯವಾಗಿ ಅತಿ ಉದ್ದದ ತಂತುಗಳಲ್ಲಿ, ಅಂದರೆ ಪಾದಗಳಲ್ಲಿ, ಮೊದಲು ಕಾಣಿಸಿಕೊಳ್ಳುತ್ತದೆ ಎಂಬುದನ್ನು ಇದರೊಂದಿಗೆ ಇಟ್ಟು ನೋಡಬೇಕು.

ಕೋಶದ ಹೊಸ್ತಿಲಿನಲ್ಲಿ ಆಗುವುದೇನು?

ಹೊರಬಿದ್ದ ಪೆಪ್ಟೈಡ್ ತಾನಾಗಿ ಕೋಶದೊಳಗೆ ಹೋಗಿ ಏನನ್ನೂ ಮಾಡುವುದಿಲ್ಲ. ಕೋಶದ ಹೊರಪೊರೆಯಲ್ಲಿ ಅದಕ್ಕೆಂದೇ ಇರುವ ಗ್ರಾಹಕ ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳುತ್ತದೆ. ಬಾಗಿಲಿನ ಹೊರಗೆ ಯಾರೋ ಗಂಟೆಯ ಗುಂಡಿ ಒತ್ತಿದರೆ ಒಳಗೆ ಸದ್ದಾಗುವಂತೆ, ಪೆಪ್ಟೈಡ್ ಹೊರಗೇ ಉಳಿಯುತ್ತದೆ, ಒಳಗೆ ಒಂದು ಎರಡನೆಯ ಸಂದೇಶ ಹುಟ್ಟುತ್ತದೆ. ವಿಐಪಿ ಮತ್ತು ಸಿಜಿಆರ್‌ಪಿ ತಮ್ಮ ಗ್ರಾಹಕಗಳಿಗೆ ಅಂಟಿದಾಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವಿನ ಪ್ರಮಾಣ ಏರುತ್ತದೆ. ಸಬ್‌ಸ್ಟೆನ್ಸ್ ಪಿ ತನ್ನ ಎನ್‌ಕೆ1 ಗ್ರಾಹಕಕ್ಕೆ ಅಂಟಿದಾಗ ಮುಖ್ಯವಾಗಿ ಕೋಶದೊಳಗಿನ ಕ್ಯಾಲ್ಸಿಯಂ ಏರುತ್ತದೆ. ಈ ಏರಿಕೆಗಳು ಕಿಣ್ವಗಳ ಸರಪಳಿಯನ್ನು ಎಬ್ಬಿಸಿ, ಕೊನೆಗೆ ಕೋಶಕೇಂದ್ರದಲ್ಲಿ ಯಾವ ಜೀನ್‌ಗಳು ಕೆಲಸ ಮಾಡಬೇಕು ಎಂಬುದನ್ನು ಬದಲಿಸುತ್ತವೆ. ಕೋಶ ವಿಭಜನೆಗೆ ಸಿದ್ಧವಾಗುವುದು ಅಲ್ಲಿಂದ.

ಮನುಷ್ಯರ ಚರ್ಮದ ಕೋಶಗಳ ಮೇಲೆ ಇದನ್ನು ನೇರವಾಗಿ ತೋರಿಸಿದ ಪ್ರಯೋಗಗಳು 1980ರ ದಶಕದಲ್ಲಿ ಬಂದವು. 1985ರಲ್ಲಿ ಸ್ವೀಡನ್ನಿನ ಸಂಶೋಧಕರು, ತಟ್ಟೆಯಲ್ಲಿ ಬೆಳೆಸಿದ ಮನುಷ್ಯ ಚರ್ಮದ ಫೈಬ್ರೋಬ್ಲಾಸ್ಟುಗಳಿಗೆ ಸಬ್‌ಸ್ಟೆನ್ಸ್ ಪಿ ಸೇರಿಸಿದಾಗ ಅವು ಹೊಸ ಡಿಎನ್‌ಎ ತಯಾರಿಸತೊಡಗುತ್ತವೆ ಎಂದು ತೋರಿಸಿದರು. ಡಿಎನ್‌ಎಯ ಪ್ರತಿ ತಯಾರಾಗುವುದು ಕೋಶ ಎರಡಾಗುವ ಮುನ್ನಿನ ಹೆಜ್ಜೆ. 1989ರಲ್ಲಿ ಪ್ರಕಟವಾದ ಇನ್ನೊಂದು ಕೆಲಸ ವಿಐಪಿ ಮನುಷ್ಯರ ಕೆರಟಿನೋಸೈಟುಗಳ ವಿಭಜನೆಯನ್ನು ಹೆಚ್ಚಿಸುತ್ತದೆ ಎಂದು ಕಂಡಿತು. ಮರುವರ್ಷ ಸಿಜಿಆರ್‌ಪಿ ರಕ್ತನಾಳದ ಒಳಗೋಡೆಯ ಕೋಶಗಳನ್ನು ಹೆಚ್ಚಿಸುತ್ತದೆ ಎಂಬ ವರದಿ ಬಂತು. ಹೀಗೆ ಮೂರು ಪೆಪ್ಟೈಡುಗಳು, ಮೂರು ಬಗೆಯ ಕೋಶಗಳು: ನಾರು ನೇಯುವವು, ಮೇಲ್ಪದರ ಕಟ್ಟುವವು, ರಕ್ತ ತರುವವು. ಗಾಯ ಮಾಯಲು ಬೇಕಾದ ಮೂವರೂ ಇಲ್ಲಿದ್ದಾರೆ.

ಆದರೆ ಈ ಚಿತ್ರವನ್ನು ತೀರ ನೇರವಾಗಿ ಓದಬಾರದು. ಸಬ್‌ಸ್ಟೆನ್ಸ್ ಪಿ ಕೆರಟಿನೋಸೈಟುಗಳನ್ನು ನೇರವಾಗಿ ವಿಭಜನೆಗೆ ಹಚ್ಚುತ್ತದೆಯೇ ಎಂದು ಕೇಳಿದ ಪ್ರಯೋಗಾಲಯಗಳಿಗೆ ಒಂದೇ ಉತ್ತರ ಸಿಗಲಿಲ್ಲ. ಕೆಲವು ಕಡೆ ಹೌದು ಎಂದು ಬಂದರೆ ಕೆಲವು ಕಡೆ ಅಂತಹ ಪರಿಣಾಮ ಕಾಣಲಿಲ್ಲ. ಪೆಪ್ಟೈಡಿನ ಪ್ರಮಾಣ, ಕೋಶಗಳ ವಯಸ್ಸು, ತಟ್ಟೆಯ ದ್ರವದಲ್ಲಿರುವ ಕ್ಯಾಲ್ಸಿಯಂ ಮತ್ತು ಇತರ ಪೋಷಕಗಳು ಬೇರೆಯಾದಂತೆ ಫಲಿತಾಂಶವೂ ಬೇರೆಯಾಗುತ್ತದೆ. ಜೊತೆಗೆ ಪರೋಕ್ಷ ದಾರಿಯೂ ಇದೆ. ಪೆಪ್ಟೈಡ್ ತಗುಲಿದ ಕೆರಟಿನೋಸೈಟ್ ತಾನೇ ಇಂಟರ್‌ಲ್ಯೂಕಿನ್‌ಗಳಂತಹ ಸಂಕೇತ ಪ್ರೋಟೀನುಗಳನ್ನು ಬಿಡುತ್ತದೆ, ಅವು ಸುತ್ತಲಿನ ಕೋಶಗಳನ್ನು ಎಬ್ಬಿಸುತ್ತವೆ. ಇದಲ್ಲದೆ ಕೆರಟಿನೋಸೈಟುಗಳು ಎನ್‌ಜಿಎಫ್ ಎಂಬ ನರಪೋಷಕ ಪ್ರೋಟೀನನ್ನು ಸ್ರವಿಸುತ್ತವೆ. ಅದು ನರತಂತುಗಳನ್ನು ಚರ್ಮದತ್ತ ಸೆಳೆದು ಬದುಕಿಸಿಡುತ್ತದೆ ಮತ್ತು ಕೆರಟಿನೋಸೈಟುಗಳ ಬೆಳವಣಿಗೆಗೂ ನೆರವಾಗುತ್ತದೆ. ನರ ಚರ್ಮವನ್ನು ಬೆಳೆಸುತ್ತದೆ, ಚರ್ಮ ನರವನ್ನು ಬೆಳೆಸುತ್ತದೆ. ಎನ್‌ಜಿಎಫ್ ಅನ್ನು ಕಂಡುಹಿಡಿದ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಅವರ ಜೊತೆ ಕೆಲಸ ಮಾಡಿ ಹೊರಚರ್ಮದ ಬೆಳವಣಿಗೆಯ ಪ್ರೋಟೀನನ್ನು ಪತ್ತೆಹಚ್ಚಿದ ಸ್ಟ್ಯಾನ್ಲಿ ಕೋಹೆನ್ 1986ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ನರದ ಪೋಷಣೆ ಮತ್ತು ಚರ್ಮದ ಪೋಷಣೆ ಒಂದೇ ಪ್ರಶಸ್ತಿಯಲ್ಲಿ ಕೂಡಿದ್ದು ಇಲ್ಲಿಯ ಮಟ್ಟಿಗೆ ಬಹಳ ಅರ್ಥಪೂರ್ಣವೆನಿಸುತ್ತದೆ.

ನಲ್ಲಿಯಷ್ಟೇ ಮುಖ್ಯ, ನೀರು ಹೋಗುವ ಕಂಡಿ

ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ನಲ್ಲಿ ಮಾತ್ರ ನಿರ್ಧರಿಸುವುದಿಲ್ಲ. ತಳದ ಕಂಡಿಯಿಂದ ಎಷ್ಟು ಹರಿದುಹೋಗುತ್ತದೆ ಎಂಬುದೂ ನಿರ್ಧರಿಸುತ್ತದೆ. ಪೆಪ್ಟೈಡಿನ ವಿಷಯದಲ್ಲಿ ಆ ಕಂಡಿಯ ಕೆಲಸ ಮಾಡುವುದು ಕಿಣ್ವಗಳು. ನೆಪ್ರಿಲೈಸಿನ್ ಎಂಬ ಕಿಣ್ವ ಕೋಶಗಳ ಹೊರಮೈಯಲ್ಲಿದ್ದು, ಹೊರಬಿದ್ದ ಸಬ್‌ಸ್ಟೆನ್ಸ್ ಪಿಯನ್ನು ತುಂಡುಮಾಡಿ ಸಂದೇಶವನ್ನು ಅಳಿಸುತ್ತದೆ. ಸಂದೇಶ ಅಳಿಯದಿದ್ದರೆ ಪ್ರತಿ ಗೀರೂ ಮುಗಿಯದ ಉರಿಯೂತವಾಗುತ್ತಿತ್ತು.

ಗಾಯ ಮಾಯುವಾಗ, ಮಾಯದಿರುವಾಗ

ಚರ್ಮ ಹರಿದಾಗ ನರದ ತುದಿಗಳೂ ಹರಿಯುತ್ತವೆ, ಪೆಪ್ಟೈಡುಗಳು ಒಮ್ಮೆಗೇ ಹೊರಬೀಳುತ್ತವೆ. ಹಿಗ್ಗಿದ ರಕ್ತನಾಳಗಳಿಂದ ರಕ್ಷಕ ಕೋಶಗಳು ಬಂದು ಸೇರುತ್ತವೆ. ಅಂಚಿನ ಕೆರಟಿನೋಸೈಟುಗಳು ಮೊದಲು ಗಾಯದ ಮೇಲೆ ಸರಿಯುತ್ತವೆ, ಅವುಗಳ ಹಿಂದಿನ ಸಾಲಿನವು ವಿಭಜನೆಗೊಂಡು ಸಂಖ್ಯೆ ತುಂಬುತ್ತವೆ. ಕೆಳಗೆ ಫೈಬ್ರೋಬ್ಲಾಸ್ಟುಗಳು ಕಾಲಜನ್ ನೇಯುತ್ತವೆ. ನರಗಳಿಲ್ಲದೆಯೂ ಈ ಕೆಲಸ ನಡೆಯುತ್ತದೆ, ಆದರೆ ನಿಧಾನವಾಗಿ. ತೈವಾನಿನ ಸಂಶೋಧಕರು 1999ರಲ್ಲಿ ಇಲಿಗಳ ಕಾಲಿನ ನರ ಕಡಿದು ನೋಡಿದಾಗ, ಅಲ್ಲಿಯ ಹೊರಚರ್ಮ ತೆಳುವಾಗಿತ್ತು ಮತ್ತು ಕೆರಟಿನೋಸೈಟುಗಳ ವಿಭಜನೆ ತಗ್ಗಿತ್ತು. ಗಾಯವೇ ಇಲ್ಲದ ಚರ್ಮದಲ್ಲೂ ನರದ ಪೋಷಣೆ ಪ್ರತಿದಿನ ನಡೆಯುತ್ತಿರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಮಧುಮೇಹಿಗಳ ಪಾದದ ಹುಣ್ಣಿಗೆ ಕಾರಣ ಒಂದಲ್ಲ. ನೋವು ತಿಳಿಯದ ಪಾದ ಪದೇ ಪದೇ ಪೆಟ್ಟು ತಿನ್ನುತ್ತದೆ, ರಕ್ತಸಂಚಾರ ಕುಗ್ಗಿರುತ್ತದೆ, ಸೋಂಕು ಸುಲಭವಾಗಿ ನೆಲೆಯೂರುತ್ತದೆ. ಇವುಗಳ ಜೊತೆಗೆ, ಸಪೂರ ನರತಂತುಗಳು ನಶಿಸಿರುವುದರಿಂದ ಪೆಪ್ಟೈಡಿನ ನಲ್ಲಿ ಸಣ್ಣದಾಗಿರುತ್ತದೆ. ಮಧುಮೇಹದ ಗಾಯಗಳಲ್ಲಿ ನೆಪ್ರಿಲೈಸಿನ್ ಹೆಚ್ಚು ಚುರುಕಾಗಿರುವುದು ಕಂಡುಬಂದಿದೆ, ಅಂದರೆ ಕಂಡಿಯೂ ದೊಡ್ಡದಾಗಿರುತ್ತದೆ. ‘ನೋವಿಲ್ಲವಲ್ಲ, ವಾಸಿಯಾಗುತ್ತದೆ’ ಎಂದು ಪಾದದ ಗಾಯವನ್ನು ಕಡೆಗಣಿಸುವುದು ಏಕೆ ಅಪಾಯಕಾರಿ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ನೋವನ್ನು ತಿಳಿಸುವ ತಂತುವೇ ದುರಸ್ತಿಗೆ ಕರೆಯುವ ತಂತುವೂ ಆಗಿದೆ.

2024ರಲ್ಲಿ ಪ್ರಕಟವಾದ ಇಲಿಗಳ ಮೇಲಿನ ಒಂದು ಅಧ್ಯಯನ ಈ ಮಾತಿಗೆ ಇನ್ನೊಂದು ವಿವರ ಸೇರಿಸಿತು. ನೋವಿನ ನರಗಳು ಬಿಡುವ ಸಿಜಿಆರ್‌ಪಿ, ಗಾಯಕ್ಕೆ ಮೊದಲು ಬಂದು ಸೇರುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕೆಲಸ ಮುಗಿಸಿ ಬೇಗ ಸಾಯುವಂತೆಯೂ, ಕಸ ನುಂಗುವ ರಕ್ಷಕ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಅವುಗಳನ್ನು ನುಂಗಿ ದುರಸ್ತಿಯ ಕಡೆಗೆ ತಿರುಗುವಂತೆಯೂ ಮಾಡುತ್ತದೆ ಎಂದು ಅದು ತೋರಿಸಿತು. ನರಹಾನಿಯಿರುವ ಮಧುಮೇಹಿ ಇಲಿಗಳ ಗಾಯಕ್ಕೆ, ಜಾಗ ಬಿಟ್ಟು ಹೋಗದಂತೆ ಮಾರ್ಪಡಿಸಿದ ಸಿಜಿಆರ್‌ಪಿಯನ್ನು ಕೊಟ್ಟಾಗ ಗಾಯ ಬೇಗ ಮಾಗಿತು.

ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ವಿಷಯ ಇಲ್ಲಿ ಸ್ವಲ್ಪ ಪಕ್ಕದ್ದಾದರೂ ಹೇಳದೆ ಬಿಡುವಂತಿಲ್ಲ. ಅದರ ನರ ಹಾಳಾದವರಲ್ಲಿ ಮೇಲ್ಪದರ ತನ್ನನ್ನು ತಾನು ನವೀಕರಿಸಿಕೊಳ್ಳಲಾಗದೆ ಹುಣ್ಣಾಗುತ್ತದೆ. ಅದಕ್ಕೆ ಎನ್‌ಜಿಎಫ್ ಅನ್ನೇ ಕಣ್ಣಿನ ಹನಿಯಾಗಿ ಕೊಡುವ ಸೆನೆಗರ್ಮಿನ್ ಎಂಬ ಔಷಧಕ್ಕೆ 2017ರಲ್ಲಿ ಯುರೋಪಿನಲ್ಲೂ 2018ರಲ್ಲಿ ಅಮೆರಿಕದಲ್ಲೂ ಅನುಮತಿ ದೊರೆಯಿತು.

ಸಂದೇಶ ನಿಲ್ಲದೇ ಹೋದರೆ

ಕೊರತೆ ಗಾಯವನ್ನು ಮಾಯಗೊಡದಿದ್ದರೆ, ಹೆಚ್ಚಳವೂ ಒಳ್ಳೆಯದಲ್ಲ. ಸೋರಿಯಾಸಿಸ್‌ನಲ್ಲಿ ಕೆರಟಿನೋಸೈಟುಗಳು ನಾಲ್ಕು ವಾರಗಳ ಪಯಣವನ್ನು ಒಂದು ವಾರದೊಳಗೇ ಮುಗಿಸುತ್ತವೆ. ಬಲಿಯಲು ಸಮಯ ಸಿಗದ ಕೋಶಗಳು ಮೇಲೆ ಪೇರಿಕೊಂಡು ಬೆಳ್ಳಿ ಬಣ್ಣದ ಹುರುಪೆಯಾಗುತ್ತವೆ. ಇದು ಮೂಲತಃ ರೋಗನಿರೋಧಕ ವ್ಯವಸ್ಥೆಯ ಕಾಯಿಲೆ. ಆದರೂ ವೈದ್ಯರು ಗಮನಿಸಿದ ಒಂದು ಸಂಗತಿ ಕುತೂಹಲಕರ: ಸೋರಿಯಾಸಿಸ್ ಇರುವವರಲ್ಲಿ ಅಪಘಾತದಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಒಂದು ಭಾಗದ ನರ ಕಡಿದು ಸ್ಪರ್ಶ ಹೋದಾಗ, ಆ ಭಾಗದ ಸೋರಿಯಾಸಿಸ್ ಮರೆಯಾದ ಉದಾಹರಣೆಗಳಿವೆ, ಸ್ಪರ್ಶ ಮರಳಿದಾಗ ಕಲೆಯೂ ಮರಳಿದೆ. ರೋಗಪೀಡಿತ ಚರ್ಮದಲ್ಲಿ ಎನ್‌ಜಿಎಫ್ ಹೆಚ್ಚಿರುವುದೂ ಕಂಡುಬಂದಿದೆ. ಹಾಗೆಂದು ನರವೇ ರೋಗಕ್ಕೆ ಕಾರಣ ಎಂದಲ್ಲ. ಹೊತ್ತಿಕೊಂಡ ಉರಿಯೂತವನ್ನು ಆರದಂತೆ ಉಳಿಸುವುದರಲ್ಲಿ ಅದಕ್ಕೆ ಪಾಲಿದೆ ಎಂಬಷ್ಟನ್ನು ಈ ಸಂಗತಿಗಳು ಹೇಳುತ್ತವೆ.

ಚರ್ಮ ತಾನೇ ತಯಾರಿಸುವ ಪೆಪ್ಟೈಡುಗಳು

ಹೆಸರಿನಲ್ಲಿ ‘ನ್ಯೂರೋ’ ಇದ್ದರೂ ಇವುಗಳಲ್ಲಿ ಕೆಲವನ್ನು ಚರ್ಮದ ಕೋಶಗಳೇ ತಯಾರಿಸುತ್ತವೆ. ಸೂರ್ಯನ ಅತಿನೇರಳೆ ಕಿರಣಗಳು ಕೆರಟಿನೋಸೈಟಿನ ಡಿಎನ್‌ಎಯನ್ನು ಘಾಸಿಗೊಳಿಸಿದಾಗ ಆ ಕೋಶ ಒಂದು ದೊಡ್ಡ ಪ್ರೋಟೀನನ್ನು ತಯಾರಿಸಿ, ಅದನ್ನು ಕತ್ತರಿಸಿ, ಆಲ್ಫಾ ಎಂಎಸ್‌ಎಚ್ ಎಂಬ 13 ಅಮೈನೋ ಆಮ್ಲಗಳ ಪೆಪ್ಟೈಡನ್ನು ಬಿಡುತ್ತದೆ. ಅದು ಪಕ್ಕದ ಮೆಲನೋಸೈಟ್ ಎಂಬ ವರ್ಣಕೋಶದ ಗ್ರಾಹಕಕ್ಕೆ ಅಂಟಿ ಸೈಕ್ಲಿಕ್ ಎಎಂಪಿಯನ್ನು ಏರಿಸುತ್ತದೆ. ಮೆಲನೋಸೈಟ್ ವರ್ಣದ್ರವ್ಯ ತಯಾರಿಸಿ ಕೆರಟಿನೋಸೈಟಿಗೆ ಕೊಡುತ್ತದೆ. ಬಿಸಿಲಿಗೆ ಮೈ ಕಪ್ಪಾಗುವುದರ ಒಳಗುಟ್ಟು ಇದು.

ಡಬ್ಬಿಯ ಮೇಲಿನ ಪದ

ಹಾಗಾದರೆ ಈ ಪೆಪ್ಟೈಡುಗಳನ್ನು ಕ್ರೀಮಿನಲ್ಲಿ ಬೆರೆಸಿ ಹಚ್ಚಿದರೆ ಚರ್ಮ ಬೆಳೆಯುವುದೇ? ಇಲ್ಲಿ ಎರಡು ಅಡ್ಡಿಗಳಿವೆ. ಚರ್ಮದ ಹೊರಮೈಯ ಸತ್ತ ಕೋಶಗಳ ಪದರ ಹೊರಗಿನದನ್ನು ಹೊರಗೇ ಇಡಲೆಂದು ರೂಪುಗೊಂಡದ್ದು. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುಗಳ ತೂಕದ ಅಳತೆ) ಭಾರವಾದ ಅಣುಗಳು ಆರೋಗ್ಯವಂತ ಚರ್ಮವನ್ನು ದಾಟುವುದು ಬಹಳ ಕಷ್ಟ ಎಂಬ ಸ್ಥೂಲ ನಿಯಮವನ್ನು ಚರ್ಮವಿಜ್ಞಾನಿಗಳು ಬಳಸುತ್ತಾರೆ. ನರಗಳು ಬಿಡುವ ಆ ಮೂರು ಪೆಪ್ಟೈಡುಗಳಲ್ಲಿ ಅತಿ ಚಿಕ್ಕದಾದ ಸಬ್‌ಸ್ಟೆನ್ಸ್ ಪಿಯ ತೂಕವೇ ಸುಮಾರು 1,350 ಡಾಲ್ಟನ್. ದಾಟಿದ ಅಲ್ಪಸ್ವಲ್ಪವನ್ನೂ ಕಿಣ್ವಗಳು ಕತ್ತರಿಸುತ್ತವೆ. ಡಬ್ಬಿಗಳ ಮೇಲೆ ಹೆಸರಿಸಿರುವ ಪೆಪ್ಟೈಡುಗಳಲ್ಲಿ ಹೆಚ್ಚಿನವು ಇಲ್ಲಿ ವಿವರಿಸಿದ ನ್ಯೂರೋಪೆಪ್ಟೈಡುಗಳಲ್ಲ, ಪ್ರಯೋಗಾಲಯದಲ್ಲಿ ಹೊಸದಾಗಿ ಜೋಡಿಸಿದ ಇನ್ನೂ ಗಿಡ್ಡ ಸರಗಳು. ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಬಂದ ಫಲಿತಾಂಶ ಮತ್ತು ಅಖಂಡ ಚರ್ಮದ ಮೇಲೆ ಬರುವ ಫಲಿತಾಂಶ ಬೇರೆ ಬೇರೆ ಎಂಬುದನ್ನು ಇಂತಹ ಪ್ರಚಾರ ಓದುವಾಗ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಔಷಧವಾಗಿ ನಿಜಕ್ಕೂ ಬಳಕೆಗೆ ಬಂದಿರುವ ಅಫಾಮೆಲನೋಟೈಡ್ ಈ ಎರಡೂ ಅಡ್ಡಿಗಳನ್ನು ಹೇಗೆ ತಪ್ಪಿಸಿಕೊಂಡು ಹೋಯಿತು ಎಂಬುದು ಗಮನಾರ್ಹ. ಅದು ಆಲ್ಫಾ ಎಂಎಸ್‌ಎಚ್‌ನದೇ ರೂಪಾಂತರ. ಕಿಣ್ವಗಳಿಗೆ ಸುಲಭವಾಗಿ ಸಿಗದಂತೆ ಹದಿಮೂರು ಮಣಿಗಳಲ್ಲಿ ಎರಡನ್ನು ಬದಲಿಸಲಾಗಿದೆ. ಅದನ್ನು ಚರ್ಮದ ಮೇಲೆ ಹಚ್ಚುವುದಿಲ್ಲ. ನಿಧಾನವಾಗಿ ಕರಗುವ ಸಣ್ಣ ಕಡ್ಡಿಯಂತೆ ಮಾಡಿ ಚರ್ಮದ ಕೆಳಗೆ ಇಡುತ್ತಾರೆ, ಎರಡು ತಿಂಗಳಿಗೊಮ್ಮೆ. ಬೆಳಕು ಬಿದ್ದರೆ ಚರ್ಮ ತೀವ್ರವಾಗಿ ಉರಿಯುವ ಎರಿತ್ರೋಪೊಯಟಿಕ್ ಪ್ರೋಟೋಪಾರ್ಫಿರಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇರುವ ವಯಸ್ಕರಿಗಾಗಿ ಅದಕ್ಕೆ 2014ರಲ್ಲಿ ಯುರೋಪಿನಲ್ಲೂ 2019ರಲ್ಲಿ ಅಮೆರಿಕದಲ್ಲೂ ಅನುಮತಿ ಸಿಕ್ಕಿತು. ಬಿಸಿಲಿನ ಘಾಸಿಯಿಲ್ಲದೆಯೇ ಅವರ ಮೆಲನೋಸೈಟುಗಳು ವರ್ಣದ್ರವ್ಯ ತಯಾರಿಸುತ್ತವೆ, ಮತ್ತು ಹಗಲಿನಲ್ಲಿ ಮನೆಯಿಂದ ಹೊರಬರಲು ಹೆದರುತ್ತಿದ್ದವರು ನೋವಿಲ್ಲದೆ ಮೊದಲಿಗಿಂತ ಹೆಚ್ಚು ಹೊತ್ತು ಬಿಸಿಲಿನಲ್ಲಿ ನಿಲ್ಲಬಲ್ಲರು.